ಎಂಟು ಜಿಬಿ ರ‍್ಯಾಮು, ಒಂದು ಚೀಲ ಕಡ್ಲಿ

ಗೆಳೆಯಾರ, ಇವತ್ತ ನಾ ಕಳ್ಳ ಆದೆ ನೋಡ್ರಿ. ಅದೂ ನನ್ನ ಕಂಪ್ಯೂಟರ್ ಅಂಗಡ್ಯಾಗ, ನಾಕು ಮಂದಿ ಮುಂದ.

ಅಣ್ಣಿಗೇರಿಯೊಳಗ ಕಾಳು ಖರೀದಿ ಮಾಡೋ ಈರಪ್ಪ ಕಾಕಾ ನಿನ್ನೆ ನನ್ನ ಕಡೆ ಎಂಟು ಜಿಬಿ ರ‍್ಯಾಮ್ ಹಾಕಿಸಿಕೊಂಡಿದ್ರು. ಇವತ್ತ ಕಂಪ್ಯೂಟರ್ ಹೊತಗೊಂಡು ಬಂದು ಕೌಂಟರ್ ಮ್ಯಾಲ ಕುಕ್ಕಿದ್ರು.

"ಎಂಟು ಹಾಕೀನಿ ಅಂದಿ. ಬಳಸಾಕ ಬರೂದು ಮೂರೂಕಾಲು ಅಂತ ತೋರಸ್ತೈತಿ. ಉಳದದ್ದು ಯಾರ ಮನಿಗೆ ಹೋತಲೇ?"

"ಎಂಟೂ ಒಳಗ ಐತ್ರಿ ಕಾಕಾ. ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೇದು, ಮೂವತ್ತೆರಡು ಬಿಟ್ ಅಂತಾರಲ್ರಿ, ಅದು. ಅದಕ್ಕ ನಾಕು ಜಿಬಿ ಮ್ಯಾಲ ಎಣಸಾಕ ಬರೂದಿಲ್ಲ. ಆ ನಾಕರಾಗೂ ಸ್ವಲ್ಪ ಮಷೀನು ತನಗಂತ ಇಟಗೋತೈತಿ."

"ತನಗಂತ ಇಟಗೋಳಾಕ ಅದ್ಯಾರು? ಇದು ಮೋಸ!"

ನನಗೂ ಸಿಟ್ಟು ಬಂತು. "ನಮ್ಮಪ್ಪ ನಿಮಗ ಕಡ್ಲಿ ಮಾರಾಕ ತಂದಾಗ ಕಸ ಐತಿ, ಹಸಿ ಐತಿ ಅಂತ ಚೀಲಕ್ಕ ಎರಡು ಕಿಲೋ ಮುರಕೋತೀರಲ್ರಿ, ಅದು?"

ಕುಂತವರೆಲ್ಲ ನಕ್ಕರು. ಕಾಕಾ ಟೊಪಗಿ ಸರಿ ಮಾಡಿಕೊಂಡು, "ಅದು ಪದ್ಧತಿ" ಅಂದ್ರು. ಆಮ್ಯಾಲ ಸಣ್ಣ ದನಿಲೆ, "ಎಂಟೂ ಎಣಸೋ ಹೊಸಾದು ಹಾಕು."

ಒಂದು ಮಾತು ಖರೇ. ಎಷ್ಟು ಬಂತು, ಎಷ್ಟು ಮುರಕೊಂಡೆ ಅಂತ ಕಂಪ್ಯೂಟರ್ ಪರದೆ ಮ್ಯಾಲ ಬರದು ತೋರಸ್ತೈತಿ. ಕಾಕಾ ಇಷ್ಟು ವರ್ಷದಾಗ ಒಮ್ಮೆನೂ ತೋರಿಸಿಲ್ಲ.