ಶೇರ್ವಾನಿ ತೊಟ್ಟ ದೃಷ್ಟಿಗೊಂಬೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತಾಗಲೆಲ್ಲ ಪೆನ್ನಿನ ಮಸಿ ಗಟ್ಟಿಯಾಗಿರುತ್ತಿತ್ತು, ಇಲ್ಲವೇ ಕನ್ನಡಕ ಸಿಗುತ್ತಿರಲಿಲ್ಲ. ಎರಡೂ ಸರಿಯಿದ್ದ ದಿನ ಯಾರಾದರೂ ಚಹಾದ ಹೊತ್ತಿಗೆ ಬಂದು ಕೂಡುತ್ತಿದ್ದರು. ತಪ್ಪು ಹೇಳಿಕೊಳ್ಳಲು ಮುಹೂರ್ತ ಹುಡುಕುವವನಿಗೆ ಪಂಚಾಂಗದ ತುಂಬ ರಾಹುಕಾಲವೇ.

ಮೊನ್ನೆ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ನಮ್ಮ ಪಕ್ಕದ ಖಾಲಿ ಜಾಗದಲ್ಲಿ ಮಲ್ಲಿಕಾರ್ಜುನ ಎಂಬ ಶಾಲಾ ಮಾಸ್ತರನೊಬ್ಬ ಮನೆ ಕಟ್ಟಿಸುತ್ತಿದ್ದಾನೆ. ಸಂಜೆ ಹೊಸ ಗೋಡೆಗೆ ನೀರು ಹೊಡೆದಾಗ ಏಳುವ ಹಸಿ ವಾಸನೆ ನನ್ನ ಕಿಟಕಿಯೊಳಗೆ ಬರುತ್ತದೆ. ಆ ವಾಸನೆಯ ಹಿಂದೆಯೇ ಅವನೂ ಬಂದು ಕಟ್ಟೆಯ ಮೇಲೆ ಕುಸಿದು ಕೂತ.

"ಅಜ್ಜಾರ, ನೀವೂ ಮನಿ ಕಟ್ಟಿದವ್ರು. ತಲಿ ಕೆಡದಂಗ ಹ್ಯಾಂಗ ಇದ್ರಿ? ನನಗ ನಿದ್ದಿ ಇಲ್ಲ, ಊಟ ರುಚಿಸವಲ್ದು. ಗೌಂಡಿ ಕಾಟ ಒಂದ್ ಕಡಿ, ನಮ್ಮ ಮಾವನ ಕಾಟ ಒಂದ್ ಕಡಿ. ರಿಟೈರ್ ಆಗ್ಯಾರ. ದಿನಾ ಬಂದು ಕುರ್ಚಿ ಹಾಕ್ಕೊಂಡು ಕೂಡ್ತಾರ, ಕಂಡದ್ದಕ್ಕೆಲ್ಲ ತಪ್ಪು ತಗೀತಾರ."

"ನೆತ್ತಿಗಿ ಎಣ್ಣಿ ಹಚ್ಕೋ ತಮ್ಮಾ" ಎಂದೆ.

ಅದು ಅರ್ಧ ಉತ್ತರ. ಉಳಿದರ್ಧ ಹೇಳದೆ ಅವನನ್ನು ಕಳಿಸಿದೆ. ಆಮೇಲೆ ಒಳಗೆ ಬಂದು ನೋಡಿದರೆ ಕನ್ನಡಕ ಮೂಗಿನ ಮೇಲೆಯೇ ಇತ್ತು, ಪೆನ್ನೂ ಬರೆಯುತ್ತಿತ್ತು. ಇನ್ನು ನೆಪ ಉಳಿಯಲಿಲ್ಲ.

ನಾನು ಶಹಾಪುರದಲ್ಲಿ ಈ ಮನೆ ಕಟ್ಟಿಸಿದ್ದು ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ. ಆ ಆಳ್ವಿಕೆಯ ಕೊನೆಯ ಗಲಾಟೆಯ ದಿನಗಳಲ್ಲಿ ಬೀದಿಗೆ ಕಿಟಕಿಯಿದ್ದ ಮನೆಯವರು ಅದಕ್ಕೆ ಕಲ್ಲು ಜೋಡಿಸಿ ಮಣ್ಣು ಮೆತ್ತಿಬಿಟ್ಟಿದ್ದರು. ಬೆಳಕೆಂದರೆ ಮಾಳಿಗೆಯ ತೂತಿನಿಂದ ಇಳಿಯುವಷ್ಟೇ. ಭಯ ಕಳೆದ ಮೇಲೆ ಊರೇ ಉಸಿರು ಬಿಟ್ಟಿತು. ನಾನು ಶೇಂಗಾ, ಹತ್ತಿಯ ಸಣ್ಣ ವ್ಯಾಪಾರ ಮಾಡಿಕೊಂಡಿದ್ದೆ. ಹೊಸ ಮನೆಗೆ ಬೀದಿಯ ಕಡೆ ಆಳೆತ್ತರದ ಕಿಟಕಿ ಇರಬೇಕು ಎಂದು ಹಟ ಹಿಡಿದೆ. ಹೈದರಾಬಾದಿನಲ್ಲಿ ಒಮ್ಮೆ ಟಾಂಗಾದಲ್ಲಿ ಕೂತು ಹೋಗುವಾಗ ಒಂದು ಬಂಗಲೆ ಕಂಡಿದ್ದೆ. ಅದಕ್ಕೆ ಅರ್ಧಚಂದ್ರದಂತೆ ಬಾಗಿದ ಪಡಸಾಲೆ ಇತ್ತು. ಅದೂ ನನಗೆ ಬೇಕಾಯಿತು. ಟಾಂಗಾ ಸ್ವಲ್ಪ ನಿಧಾನ ಹೋಗಿದ್ದರೆ ಇನ್ನೂ ಏನೇನು ಬೇಕೆನಿಸುತ್ತಿತ್ತೋ!

ಮನೆ ಕಟ್ಟುವವನಿಗೆ ಯಾವುದೂ ಸಣ್ಣದಾಗಿ ಕಾಣುವುದಿಲ್ಲ. ತೊಲೆ ಸೊಟ್ಟಗೆ ಬಂದರೆ ಲೋಕವೇ ಸೊಟ್ಟ. ಮಣ್ಣಿನ ಬಂಡಿ ತಡವಾದರೆ ಜೀವವೇ ತಡವಾದಂತೆ. ನಮ್ಮೂರ ಬೆಟ್ಟವನ್ನು ಈಗ ಜನ ಮಲಗಿದ ಬುದ್ಧ ಎನ್ನುತ್ತಾರೆ, ದೂರದಿಂದ ಬಂದು ಕೈ ಮುಗಿಯುತ್ತಾರೆ. ಆ ವರ್ಷ ನನ್ನ ಕಣ್ಣಿಗೆ ಅದು ಮನೆ ಕಟ್ಟಿಸಿ ದಣಿದು ಅಂಗಾತ ಬಿದ್ದ ಯಜಮಾನನಂತೆ ಕಾಣುತ್ತಿತ್ತು. ನನ್ನ ಹೆಂಡತಿ ನೀಲಮ್ಮ ದಿನವೂ ನನ್ನ ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದಳು.

"ತಲಿ ಬಿಸಿ ಅದ, ಎಣ್ಣಿ ಹಾಕೇನಿ" ಎನ್ನುತ್ತಿದ್ದಳು. "ಇನ್ನ ಸಾಸಿವಿ ಸಿಡಿಸೂದೊಂದ ಉಳದದ."

ನನ್ನ ತಲೆಬಿಸಿಯ ದೊಡ್ಡ ಪಾಲು ನನ್ನ ಸೋದರಮಾವ. ನಮ್ಮ ಹಳ್ಳಿ ಶಿರವಾಳದಿಂದ ಶಹಾಪುರಕ್ಕೆ ಓದಲು ಬಂದಾಗ ನಾನಿದ್ದದ್ದು ಅವರ ಮನೆಯಲ್ಲಿ, ಉಂಡದ್ದು ಅತ್ತೆಯ ಕೈರೊಟ್ಟಿ. ಮಾವ ಕಚೇರಿಯಲ್ಲಿ ಪೇಶ್ಕಾರರಾಗಿದ್ದರು. ಸಾಹೇಬರ ಮುಂದೆ ಕಾಗದಪತ್ರ ಮಂಡಿಸುವ ಕೆಲಸ. ಅವರ ಉರ್ದು ಬರಹ ಮುತ್ತು ಪೋಣಿಸಿದಂತಿರುತ್ತಿತ್ತು. ಕರಿಯ ಶೇರ್ವಾನಿ, ಗೊಂಡೆಯ ಕೆಂಪು ಟೋಪಿ, ಕೈಯಲ್ಲಿ ಬೆತ್ತ. ಅವರು ಬೀದಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ರಾಜ್ಯ ಬದಲಾಗಿ ಕಚೇರಿಯ ಬರವಣಿಗೆಯೂ ಬದಲಾಯಿತು. ಮುತ್ತು ಕೇಳುವವರಿಲ್ಲದೆ ಮಾವನನ್ನು ಮನೆಗೆ ಕಳಿಸಿದರು. ಆದರೂ ಅವರು ಬೆಳಿಗ್ಗೆ ಕಚೇರಿಯ ಹೊತ್ತಿಗೆ ಸರಿಯಾಗಿ ಶೇರ್ವಾನಿ ತೊಟ್ಟು ಮನೆ ಬಿಡುತ್ತಿದ್ದರು. ಹೋಗಲು ಜಾಗವಿರಲಿಲ್ಲ. ನನ್ನ ಕಟ್ಟಡಕ್ಕೆ ಬರುತ್ತಿದ್ದರು.

ಬಂದವರು ಸುಮ್ಮನೆ ಕೂತಾರೆಯೇ? ಬೆತ್ತ ಎತ್ತಿ ಕಿಟಕಿಯ ಜಾಗ ತೋರಿಸಿ, "ಇದೇನಲೇ, ಯಾದಗಿರಿ ಟೇಶನ್ನಿನ ಟಿಕೀಟ್ ಕಿಡಕಿ ಆತಲ್ಲ! ಹೋಗೋ ಬರೋರಿಗೆಲ್ಲ ಟಿಕೀಟ್ ಹರಿದು ಕೊಡ್ತೀಯೇನು?" ಎನ್ನುವರು. ಬಾಗಿದ ಪಡಸಾಲೆಯ ಪಾಯ ನೋಡಿ, "ಗ್ವಾಡಿ ಕಟ್ಟಾಕತ್ತೀಯೋ, ಎತ್ತು ಉಚ್ಚಿ ಹೊಯ್ದಂಗ ಗೆರಿ ಕೊರ್ಯಾಕತ್ತೀಯೋ?" ಎನ್ನುವರು. ಗೋಡೆ ಕಟ್ಟುವ ಗೌಂಡಿ ಭೀಮಣ್ಣ ನಮ್ಮಿಬ್ಬರ ನಡುವೆ ಸಿಕ್ಕಿದ್ದ.

"ಮುಂಜಾನಿ ಪೇಶ್ಕಾರ್ ಸಾಹೇಬ್ರು ಕೆಡವು ಅಂತಾರ್ರಿ. ಸಂಜಿಕಿ ನೀವು ಕಟ್ಟು ಅಂತೀರಿ. ನಡುವ ನಾ ರೊಟ್ಟಿ ತಿಂತೀನ್ರಿ" ಎಂದು ಅವನು ವರದಿ ಒಪ್ಪಿಸುತ್ತಿದ್ದ.

ಒಂದು ದಿನ ನಾನು ಯಾದಗಿರಿಗೆ ಹೋಗಿ ಬರುವಷ್ಟರಲ್ಲಿ ಮಾವ ಪಡಸಾಲೆಯ ಬಾಗು ಕೆಡವಿಸಿ ನೆಟ್ಟಗೆ ಕಟ್ಟಿಸಿಬಿಟ್ಟಿದ್ದರು. ನಾನು ಅವರಿಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಎಷ್ಟು ಚೆನ್ನಾಗಿತ್ತು! ಜಗಳವಾಗುತ್ತಿತ್ತು, ಅತ್ತೆ ಬಂದು ಇಬ್ಬರಿಗೂ ಬೈಯುತ್ತಿದ್ದಳು, ಚಹಾ ಕುಡಿದು ಮುಗಿಯುತ್ತಿತ್ತು. ಅದರ ಬದಲು ನಾನು ಮನೆಗೆ ಹೋಗಿ ಟ್ರಂಕು ತೆಗೆದೆ.

ನಮ್ಮ ಕಡೆ ಕಟ್ಟುವ ಮನೆಗೆ ಕೆಟ್ಟ ಕಣ್ಣು ಬೀಳಬಾರದೆಂದು ದೃಷ್ಟಿಗೊಂಬೆ ಕಟ್ಟುವುದುಂಟು. ಜೋಳದ ಕಣಿಕೆಯ ಮೈ, ಮಸಿ ಬಳಿದ ಗಡಿಗೆಯ ತಲೆ, ಮೇಲೊಂದು ಹರಕು ಅಂಗಿ. ನನ್ನ ಗೊಂಬೆಗೆ ನಾನು ಟ್ರಂಕಿನಲ್ಲಿದ್ದ ಶೇರ್ವಾನಿ ತೊಡಿಸಿದೆ. ಅದು ಮಾವನದೇ. ನನ್ನ ಮದುವೆಯಲ್ಲಿ, "ದೊಡ್ಡೋರ ಮುಂದ ಹೋಗೂ ಮುಂದ ಹಾಕ್ಕೋ" ಎಂದು ಅವರು ಕೊಟ್ಟದ್ದು. ಕೆಂಪು ಬಟ್ಟೆ ಸುತ್ತಿ ಟೋಪಿ ಮಾಡಿದೆ, ಕರಿ ದಾರದ ಗೊಂಡೆ ಬಿಟ್ಟೆ. ಕೈಗೊಂದು ಕೋಲು ಕಟ್ಟಿ, ಅದು ಕಿಟಕಿಯನ್ನೇ ತೋರಿಸುವಂತೆ ನಿಲ್ಲಿಸಿದೆ. ಯಾರ ಹೆಸರನ್ನೂ ಬರೆಯಲಿಲ್ಲ. ಬರೆಯುವ ಅಗತ್ಯವೇ ಇರಲಿಲ್ಲ.

ಬೀದಿಯೆಲ್ಲ ನಕ್ಕಿತು. ಮಣ್ಣು ಹೊರುವವರು ಬುಟ್ಟಿ ಇಳಿಸಿ, "ಆದಾಬ್ ಪೇಶ್ಕಾರ್ ಸಾಬ್!" ಎಂದು ಗೊಂಬೆಗೆ ಸಲಾಮು ಹೊಡೆದರು. ಹಿಂದೆ ಮಾವ ಬಂದಾಗ ಎದ್ದು ನಿಲ್ಲುತ್ತಿದ್ದವರೇ ಅವರು. ನೀಲಮ್ಮ ಮಾತ್ರ ನಗಲಿಲ್ಲ. "ತಗೀರಿ ಅದನ್ನ. ಅವ್ರಿಗಿ ಬ್ಯಾರೆ ಎಲ್ಲಿ ಹೋಗೂದದ?" ಎಂದಳು. ನಾನು ಕೇಳಲಿಲ್ಲ. ಓದುಗರೇ, ನಿಜ ಹೇಳುತ್ತೇನೆ. ಎಣ್ಣೆಯಿಂದ ಇಳಿಯದ ತಲೆಬಿಸಿ ಆ ಗೊಂಬೆಯಿಂದ ಇಳಿಯಿತು. ಅವತ್ತು ಮಗುವಿನಂತೆ ಗೊರಕೆ ಹೊಡೆದೆ.

ಮರುದಿನ ಮಾವ ಬಂದರು. ಸಲಾಮು ಹೊಡೆದವರು ಮಣ್ಣು ಕಲಸುವುದರಲ್ಲಿ ಮುಳುಗಿದರು. ಮಾವ ತಲೆಯೆತ್ತಿ ಗೊಂಬೆಯನ್ನು ನೋಡಿದರು, ತಮ್ಮ ಬೆತ್ತ ಕೆಳಗಿಳಿಸಿದರು. ಬೈಯುತ್ತಾರೆಂದು ನಾನು ಉತ್ತರ ಜೋಡಿಸಿಕೊಂಡೇ ನಿಂತಿದ್ದೆ.

"ಮ್ಯಾಲಿನ ಗುಂಡಿ ಹಾಕಿಲ್ಲಲೋ ತಮ್ಮಾ" ಎಂದರು. "ಕಚೇರಿಗಿ ಹಂಗ ಹೋಗಬಾರ್ದು."

ಅಷ್ಟೇ. ತಿರುಗಿ ನಡೆದರು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ನನ್ನ ಬಾಗು ಪಡಸಾಲೆ ಮತ್ತೆ ಎದ್ದಿತು, ಕೆಡವುವವರಿರಲಿಲ್ಲ. ಭೀಮಣ್ಣನೂ ಬೇಸರದಿಂದ, "ಬೈಯಾವ್ರಿಲ್ದ ಕೈ ಓಡವಲ್ದ್ರಿ" ಎಂದ. ಮಾವ ಬೆಳಿಗ್ಗೆ ಶೇರ್ವಾನಿ ತೊಡುವುದನ್ನು ಬಿಟ್ಟಿದ್ದಾರೆ, ಒಳಕೋಣೆಯಲ್ಲೇ ಕೂಡುತ್ತಾರೆ ಎಂದು ಅತ್ತೆ ನೀಲಮ್ಮನ ಮುಂದೆ ಕಣ್ಣೀರು ಹಾಕಿದಳಂತೆ. ಆಗಲಾದರೂ ಗೊಂಬೆ ಇಳಿಸಬಹುದಿತ್ತು. ಇಳಿಸಿದರೆ ತಪ್ಪು ಒಪ್ಪಿದಂತಲ್ಲವೇ? "ಮನಿ ಮುಗಿಯೂತನಕ ದೃಷ್ಟಿಗೊಂಬಿ ತಗೀಬಾರ್ದು" ಎಂದು ಪದ್ಧತಿಯನ್ನು ಅಡ್ಡ ಹಿಡಿದೆ. ಬೇರೆ ಯಾವ ಪದ್ಧತಿಯನ್ನೂ ನಾನು ಅಷ್ಟು ಶ್ರದ್ಧೆಯಿಂದ ಪಾಲಿಸಿದವನಲ್ಲ.

ಗೃಹಪ್ರವೇಶಕ್ಕೆ ಸೋದರಮಾವನನ್ನು ಖುದ್ದಾಗಿ ಹೋಗಿ ಕರೆಯಬೇಕು. ನಾನು ನೀಲಮ್ಮನನ್ನು ಕಳಿಸಿದೆ. ಅಂದು ಒಲೆಯ ಹೊಗೆ, ಹುಗ್ಗಿಯ ಘಮ, ಬೀಗರ ಗದ್ದಲ. ಮೊದಲ ಪಂಕ್ತಿಯ ತುದಿಯಲ್ಲಿ ಧೋತರ ಉಟ್ಟು, ತಲೆಗೆ ಟವೆಲು ಸುತ್ತಿದ ಮುದುಕನೊಬ್ಬ ಬೆನ್ನು ಮಾಡಿ ನಿಂತಿದ್ದ. ಯಾವುದೋ ಹಳ್ಳಿಯವರಿರಬೇಕೆಂದು ಅವಸರದಲ್ಲಿ ಅಂದುಬಿಟ್ಟೆ: "ಯಜಮಾನ್ರ, ಇದು ಬೀಗರ ಪಂಕ್ತಿ. ಆ ಕಡಿ ಕೂಡ್ರಿ, ಆಮ್ಯಾಲ ಕರೀತೀನಿ."

"ಆಗ್ಲಿ ಸಾಹೇಬ್ರ."

ದನಿ ಕೇಳಿ ಗುರುತು ಸಿಕ್ಕಿತು. ಅಷ್ಟರಲ್ಲಿ ಮಾವ ನಾನು ತೋರಿಸಿದ ಕಡೆ ಹೋಗಿ ಗೋಡೆಗೊರಗಿ ಕೂತಿದ್ದರು. ಕೈ ಹಿಡಿದು ಎಬ್ಬಿಸಿ ತರಲು ನಾಲ್ಕು ಹೆಜ್ಜೆ ಬೇಕಿತ್ತು. ಯಾರೋ ತುಪ್ಪ ಸಾಲದೆಂದು ಕೂಗಿದರು. ನಾನು ತುಪ್ಪದ ಕಡೆ ಹೋದೆ. ತಿರುಗಿ ಬಂದಾಗ ಅವರು ಉಂಡು ಹೋಗಿದ್ದರು.

ಆಮೇಲೂ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದರು. ಮಳೆ, ಜೋಳ, ಮೊಣಕಾಲು ನೋವು, ಎಲ್ಲ ಮಾತಾಡುತ್ತಿದ್ದೆವು. ಒಮ್ಮೆ ತಿಂಥಣಿಯಲ್ಲಿ ಮೌನೇಶ್ವರನ ದರ್ಶನ ಮುಗಿಸಿ, ಹೊಳೆಯ ದಂಡೆಯಲ್ಲಿ ಇಬ್ಬರೇ ನಿಂತಿದ್ದೆವು. ನನ್ನ ಅಂಗೈಗೆ ಪ್ರಸಾದದ ಸಕ್ಕರೆ ಹಾಕಿ ಕೇಳಿದರು:

"ಕಿಡಕಿಲಿಂದ ಗಾಳಿ ಬರತದೇನೋ?"

"ಬರತದ್ರಿ ಮಾವ."

"ಬರ್ಲಿ."

ಮಾತು ತುಟಿಯವರೆಗೆ ಬಂದಿತ್ತು. ಸಕ್ಕರೆ ಬಾಯಿಗೆ ಹಾಕಿಕೊಂಡು ಅದರ ಜೊತೆ ನುಂಗಿದೆ. ಮಾವ ಮುಂದೆ ಸುರಪುರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಎಲ್ಲರಿಗಿಂತ ಜೋರಾಗಿ ಅತ್ತವನು ನಾನು. ಪಾಪ, ಎಷ್ಟು ಅಂತಃಕರಣ ಎಂದು ಜನ ಮೆಚ್ಚಿದರು.

ಇಷ್ಟು ಬರೆದು ಇವತ್ತು ಮಲ್ಲಿಕಾರ್ಜುನನನ್ನು ಕರೆದೆ. ಎಲ್ಲವನ್ನೂ ಓದಿ ಹೇಳಿದೆ. ಪಕ್ಕದ ಕಟ್ಟಡದಿಂದ ಅವನ ಮಾವ ಗೌಂಡಿಗೆ ಗದರುವುದು ಕೇಳುತ್ತಿತ್ತು.

"ಅಜ್ಜಾರ, ಬರೇ ಮಾವ, ಪೇಶ್ಕಾರರು ಅಂತ ಬರದೀರಿ" ಎಂದ ಮಲ್ಲಿಕಾರ್ಜುನ. "ಅವ್ರ ಹೆಸರೇನ್ರಿ?"

ಹಿರಿಯರ ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಅವರು ಇದ್ದಾಗಲೂ, ಹೋದ ಮೇಲೂ ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದವನಲ್ಲ. ಮರ್ಯಾದೆಯ ಮಾತಾಡಲು ನನಗೇನು ಹಕ್ಕಿದೆ? ಎದ್ದು ನಿಂತೆ. ಅವರ ಮುಂದೆ ಕೂತು ಮಾತಾಡುವುದನ್ನು ನಾನು ಕಲಿತಿರಲಿಲ್ಲ.

"ಚನ್ನಬಸಪ್ಪ" ಎಂದೆ.