ಕಮಾನು ಪಟ್ಟಿಗೆ ಏಳು ಜನರ ಭಾರ

ಮೂರು ಸಲ ಸೋಪು ಹಚ್ಚಿ ತಿಕ್ಕಿದ್ದೇನೆ, ಆದರೂ ಮುದ್ದೆಗೆ ಕೈ ಇಟ್ಟರೆ ತುಕ್ಕು ಮತ್ತು ಸೀಮೆಎಣ್ಣೆಯ ವಾಸನೆ. ಒಬ್ಬನೇ ಉಣ್ಣುವವನಿಗೆ ಇದೊಂದು ಅನುಕೂಲ, ಮೂಗು ಮುರಿಯಲು ಎದುರಿಗೆ ಯಾರೂ ಇಲ್ಲ. ಅನುಕೂಲ ಅಂದೆನಲ್ಲ, ಸುಳ್ಳು. ರತ್ನಮ್ಮ ಇದ್ದಿದ್ದರೆ "ಏಳ್ರಿ ಮೇಲೆ, ಹುಣಸೆಹಣ್ಣು ಹಚ್ಕಂಡು ತೊಳ್ಕಂಬರ್ರಿ" ಎಂದು ತಟ್ಟೆಯ ಮುಂದಿನಿಂದ ಎಬ್ಬಿಸುತ್ತಿದ್ದಳು. ನನ್ನ ಹೆಂಡತಿ ತೀರಿಕೊಂಡು ಒಂಬತ್ತು ತಿಂಗಳಾಯಿತು. ನೋಡಿ, ಬರೆಯುವುದು ಎಷ್ಟು ಸಲೀಸು! ಬಾಯಿಬಿಟ್ಟು ಹೇಳುವುದು ಮಾತ್ರ ಇವತ್ತಿನವರೆಗೂ ಆಗಿರಲಿಲ್ಲ.

ಹಳೆಯ ಪಿಕಪ್ಪಿನಲ್ಲಿ ಸ್ಟೀಲು ಪಾತ್ರೆ ತುಂಬಿಕೊಂಡು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಎಂದು ಸಂತೆಯಿಂದ ಸಂತೆಗೆ ಹದಿನೆಂಟು ವರ್ಷ ತಿರುಗಿದವರು ನಾವು. ನಾವು ಅಂದರೆ, ಸ್ಟೇರಿಂಗು ಹಿಡಿದದ್ದು ನಾನು, ವ್ಯಾಪಾರ ಮಾಡಿದ್ದು ಅವಳು. ಗಿರಾಕಿ ಬಂದರೆ ಸಾಕು, ಟೈರು ನೋಡುವ ನೆಪದಲ್ಲಿ ಗಾಡಿಯ ಹಿಂದೆ ಅಡಗುತ್ತಿದ್ದ ಶೂರ ನಾನು. ಅವಳು ಹೋದಮೇಲೆ ಯಾವ ಸಂತೆಗೂ ಹೋಗಲಿಲ್ಲ. ಅಕ್ಕಪಕ್ಕದವರು ಕೇಳಿದರೆ, ಗಾಡಿಯ ಹಿಂದಿನ ಕಮಾನು ಪಟ್ಟಿ ಮುರಿದಿದೆ ಎನ್ನುತ್ತಿದ್ದೆ. ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು ಅವು. ಹಿಂದಿನ ಭಾರವನ್ನೆಲ್ಲ ಹೊರುವುದು ಅವೇ. ಮುರಿದದ್ದೂ ನಿಜವೇ. ಆದರೆ ನಾನು ಹೋಗದಿದ್ದದ್ದು ಅದಕ್ಕಲ್ಲ. ಸಂತೆಯಲ್ಲಿ ಪಾತ್ರೆ ಹರಡಿದೊಡನೆ ಹೆಂಗಸರು "ಅಕ್ಕ ಎಲ್ಲಿ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಮನೆಯಲ್ಲಿ ಕೂತಿದ್ದೆ.

ಕೂತು ಕೂತು ಸಾಕಾಯಿತು. ಇವತ್ತು ಬೆಳಿಗ್ಗೆ ಗಾಡಿಯನ್ನು ಕುಂಟಿಸಿಕೊಂಡು ಹೊಳಲ್ಕೆರೆಯ ಬಾಷಾ ಮೇಸ್ತ್ರಿಯ ಹತ್ತಿರ ಹೋದೆ.

ಈ ಮೇಸ್ತ್ರಿಯದು ಒಂದು ಪದ್ಧತಿ. ಹೊಸ ಪಟ್ಟಿ ಕೂರಿಸಿ, ಜಾಕು ಇಳಿಸಿ, ಕೊನೆಯ ಬೋಲ್ಟುಗಳನ್ನು ಮಾತ್ರ ಗಾಡಿಯ ಮೇಲೆ ಭಾರ ಇದ್ದಾಗಲೇ ಬಿಗಿಯುವುದು. "ಖಾಲಿ ಗಾಡೀಲಿ ಬಿಗಿ ಮಾಡಿದ್ರೆ ಬೋಲ್ಟಿನ ಸುತ್ತಿನ ರಬ್ಬರ್ ಬುಷ್ಷು ತಿರುಚ್ಕಂಡು ತಿಂಗಳಾಗೆ ಹರೀತೈತೆ" ಎಂಬುದು ಅವನ ವೇದವಾಕ್ಯ. ಏಳೆಂಟು ವರ್ಷದ ಹಿಂದೆ ಇದೇ ಕೆಲಸಕ್ಕೆ ಬಂದಾಗ ರತ್ನಮ್ಮ ಜೊತೆಗಿದ್ದಳು. ಭಾರ ಬೇಕು ಅಂದದ್ದೇ ತಡ, ರಸ್ತೆಗೆ ಹೋಗಿ "ಬರ್ರವ್ವಾ, ಸುಮ್ನೆ ಕುಂತ್ಕಳ್ರಿ, ಕಾಸು ಕೇಳಲ್ಲ" ಎಂದು ಹತ್ತು ಹೆಂಗಸರನ್ನು ಹಿಂದೆ ಹತ್ತಿಸಿದಳು. ಮೇಸ್ತ್ರಿ ಕೆಳಗೆ ಬೋಲ್ಟು ಬಿಗಿಯುತ್ತಿದ್ದರೆ ಮೇಲೆ ಇವಳು ಎರಡು ಕುಕ್ಕರು ಮಾರಿದ್ದಳು! ನಾಚಿಕೆಯಾಗಿ ನಾನು ಹೋಟೆಲಿನಲ್ಲಿ ಅಡಗಿದ್ದೆ. ಆಗ ಪಕ್ಕದಲ್ಲಿ ನಿಲ್ಲಬೇಕಿತ್ತು.

ಇವತ್ತು ಮಧ್ಯಾಹ್ನದ ಹೊತ್ತಿಗೆ ಎರಡೂ ಕಡೆಯ ಪಟ್ಟಿ ಕೂತವು. ತುಕ್ಕು ಹಿಡಿದ ಹಳೆಯ ಬೋಲ್ಟುಗಳಿಗೆ ಸೀಮೆಎಣ್ಣೆ ಹಚ್ಚಿ ತಿಕ್ಕಿದ್ದು ನಾನೇ. ಮೇಸ್ತ್ರಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದ. ರತ್ನಮ್ಮನ ಮಣ್ಣಿಗೆ ಬಂದಿದ್ದವನು, ಅವನಿಗೆ ಎಲ್ಲ ಗೊತ್ತು.

"ಲೋಡ್ ತಂದಿಲ್ವಾ ಅಣ್ಣ?"

"ಇಲ್ಲ ಮಾರಾಯ, ನಾನೊಬ್ನೇ."

"ಒಬ್ರು ಸಾಲಲ್ಲ. ಏಳೆಂಟು ಮಂದಿ ಬೇಕು. ಕರೀರಿ."

"ಮರಳು ಮೂಟೆ ಇದ್ರೆ ಹಾಕಪ್ಪ."

"ಐತೆ. ಹಾಕಲ್ಲ. ಹೋಗ್ರಿ, ಕರ್ಕಂಬರ್ರಿ." ಎಂಥ ಹಟಮಾರಿ!

ರಸ್ತೆ ಬದಿಗೆ ಹೋಗಿ ನಿಂತೆ. ನಾಲ್ಕು ಜನ ದಾಟಿ ಹೋದರು, ಪ್ರತಿಸಲವೂ ನಾನು ತಿರುಗಿ ಗಾಡಿಯ ಟೈರು ನೋಡಿದೆ. ಅಷ್ಟರಲ್ಲಿ ಚೀಲ ಹಿಡಿದ ಒಬ್ಬಳು ಅಜ್ಜಿಯೇ ಗಾಡಿ ನೋಡಿ ಕೇಳಿದಳು, "ಹೊರಕೆರೆದೇವಪುರಕ್ಕೆ ಹೋಗ್ತೈತೇನಪ್ಪ?"

"ಹತ್ರಿ" ಅಂದೆ. ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ, ಪಾಪಿ! ನಮ್ಮ ಕಡೆ ಪಿಕಪ್ಪಿನ ಹಿಂದೆ ಒಬ್ಬರು ಕೂತರೆ ಮುಗಿಯಿತು, ಅದು ಬಸ್ಸೇ. ಕಂಬಳಿ ಹೊದ್ದ ಇಬ್ಬರು ಗಂಡಸರು, ನಾಲ್ವರು ಹೆಂಗಸರು, ಯಾರೂ ಏನೂ ಕೇಳದೆ ಹತ್ತಿದರು. ಏಳು ಜನ. ಮೇಸ್ತ್ರಿ ಅಡಿಗೆ ನುಗ್ಗಿ ಬೋಲ್ಟು ಬಿಗಿದ.

"ಬಿಡಪ್ಪ ಇನ್ನ, ಹೊತ್ತಾಯ್ತು" ಎಂದಳು ಅಜ್ಜಿ.

"ಗಾಡಿ ಎಲ್ಲಿಗೂ ಹೋಗಲ್ಲಜ್ಜಿ. ಬೋಲ್ಟ್ ಬಿಗಿಯಾಕೆ ಕೂರಿಸಿದ್ದು" ಎಂದು ತಪ್ಪೊಪ್ಪಿಕೊಂಡೆ.

"ಅಯ್ಯೋ ನಿನ್ನ ಮನೆ ಕಾಯ್ವಾಗ! ನಾವೇನು ಹುಲ್ಲಿನ ಹೊರೆಗಿಂತ ಕಡೆ ಆದ್ವಾ?" ಗಾಡಿಯಡಿಯಿಂದ ಮೇಸ್ತ್ರಿ ನಕ್ಕದ್ದು ಕೇಳಿಸಿತು. ಹಿಂದೆ ಕೂತವರೂ ನಕ್ಕರು, ಆದರೆ ಒಬ್ಬರೂ ಇಳಿಯಲಿಲ್ಲ. ಇನ್ನೇನು ಮಾಡಲಿ, ನೀವೇ ಹೇಳಿ. ಮೇಸ್ತ್ರಿ ಅಡಿಯಿಂದ ಹೊರಬಂದಮೇಲೆ ಸ್ಟಾರ್ಟು ಮಾಡಿದೆ.

ಹೊರಕೆರೆದೇವಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಅಜ್ಜಿ ನನ್ನ ಕಿಟಕಿಯ ಹತ್ತಿರ ಬಂದು ನನ್ನ ಮುಖವನ್ನು ದಿಟ್ಟಿಸಿದಳು. "ಪಾತ್ರೆ ರತ್ನಕ್ಕನ ಯಜಮಾನ್ರಲ್ವೇನು ನೀವು? ಅಕ್ಕ ಬರ್ಲಿಲ್ವಾ?"

ಬಂತಲ್ಲ! ಕಾಲು ಆಕ್ಸಿಲರೇಟರ್ ಮೇಲೆಯೇ ಇತ್ತು, ಒತ್ತಿದ್ದರೆ ಓಡಿಹೋಗಬಹುದಿತ್ತು. ಅಜ್ಜಿಯ ಕೈ ಕಿಟಕಿಯ ಮೇಲಿತ್ತು.

"ತೀರ್ಕಂಡ್ಲಜ್ಜಿ" ಅಂದೆ. "ಒಂಬತ್ತು ತಿಂಗಳಾತು."

ಅಜ್ಜಿ "ಅಯ್ಯೋ ಶಿವನೇ" ಎಂದು ಅಲ್ಲೇ ನಿಂತುಬಿಟ್ಟಳು. ಏನಾಯಿತೆಂದು ಹೂವಿನವಳು ಬಂದು ಕೇಳಿದಳು, ಹೇಳಿದೆ. ಹೋಟೆಲಿನವನು ಬಂದ, ಅವನಿಗೂ ಹೇಳಿದೆ. ಸಂತೆಯಲ್ಲಿ ಅವಳ ಹತ್ತಿರ ಚೌಕಾಸಿ ಮಾಡಿ ಸೋತವರೆಲ್ಲ ಒಬ್ಬೊಬ್ಬರಾಗಿ ಬಂದರು. ಮೊದಲ ನಾಲ್ಕೈದು ಸಲ ಪಾತ್ರೆಯ ರೇಟು ಹೇಳುವವನ ಹಾಗೆ ಹೇಳಿಬಿಟ್ಟೆ. ಆಮೇಲೆ ಒಬ್ಬ ಹೆಂಗಸು ಅವಳ ಬಗ್ಗೆ ಏನೂ ಕೇಳದೆ, "ನಿಮ್ ಊಟ ಯಾರು ನೋಡ್ಕಂತಾರ್ರಿ?" ಎಂದಳು. ಅಷ್ಟಕ್ಕೇ, ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತೆ. ಮಣ್ಣಿನ ದಿನವೂ ಹಾಗೆ ಅತ್ತಿರಲಿಲ್ಲ. ಯಾರೂ ಸುಮ್ಮನಿರು ಅನ್ನಲಿಲ್ಲ.

ಸಂಜೆ ಬಂದವನೇ ಗಾಡಿಗೆ ಪಾತ್ರೆ ತುಂಬಿದ್ದೇನೆ. ನಾಳೆ ಹೊಸದುರ್ಗದ ಸಂತೆ. ಅಲ್ಲಿ ಅವಳನ್ನು ಬಲ್ಲವರು ಇನ್ನೂ ಹೆಚ್ಚು, ಎಲ್ಲರೂ ಕೇಳುತ್ತಾರೆ. ಕೇಳಲಿ. ಅವಳ ಮಾತು ಆಡಲು ನನಗೂ ಯಾರಾದರೂ ಬೇಕು.