ಮೂಲೆಯಲ್ಲಿ ನಿಂತವನು

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಕಪ್ಪು ಅಯಸ್ಕಾಂತ ಅಂಟಿಕೊಂಡಿತ್ತು. ಬಳೆಯಂತೆ ದುಂಡಗಿನದು, ಒಂದು ಕಡೆ ಚಕ್ಕೆ ಹಾರಿತ್ತು. ಗ್ಯಾಸಿನ ಚೀಟಿ ಬೀಳದಂತೆ ಹಿಡಿದುಕೊಂಡು ನಿಲ್ಲುವುದು ಅದರ ಕೆಲಸ. ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆದರೂ ನಾನು ಅದನ್ನು ನೋಡುತ್ತಿರಲಿಲ್ಲ. ನೋಡದೆ ಇರುವುದನ್ನು ರೂಢಿ ಮಾಡಿಕೊಂಡಿದ್ದೆ ಅಂದರೆ ಸರಿಯಾದೀತು. ಕಳೆದ ತಿಂಗಳು ಒಂದು ಬೆಳಿಗ್ಗೆ ನೀರಿನ ಬಾಟಲಿಗೆ ಕೈ ಹಾಕಿದಾಗ ಫೋನು ಸದ್ದು ಮಾಡಿತು. ಕಂಪ್ಲಿಯಿಂದ ನನ್ನ ಚಿಕ್ಕಪ್ಪನ ಮಗಳು ರೇವತಿ ವಾಟ್ಸಾಪಿನಲ್ಲಿ ದನಿ ಕಳಿಸಿದ್ದಳು.

"ಅಣ್ಣ, ಕೇಳಿದ್ಯಾ? ನಮ್ಮ ಸಿನಿಮಾದ್ದು ಈ ಸಲ ಮೂಲಿ ಕಟ್ ಮಾಡಿಲ್ಲಂತ! ಹಳೇ ರೀಲಿನಿಂದನ ಹೊಸದಾಗಿ ಮಾಡ್ಯಾರ. ನಾಲ್ಕೂ ಮೂಲಿ ಪೂರ್ತಿ ಕಾಣ್ತಾವಂತ. ಮುಂದಿನ ಭಾನುವಾರದೊಳಗ ಡಿಸ್ಕ್ ಬರ್ತೈತಿ ನೋಡು."

ಹೊಸಪೇಟೆಯ ಬಿಸಿಲಿನಲ್ಲಿ ಫ್ರಿಜ್ಜು ತೆರೆದಿಟ್ಟುಕೊಂಡು ನಿಂತವನನ್ನು ಕಂಡು ಹೆಂಡತಿ ಬೈದಳು. ಬಾಗಿಲು ಮುಚ್ಚಿದೆ. ಮುಚ್ಚಿದರೆ ಕಣ್ಣೆದುರಿಗೆ ಮತ್ತೆ ಅದೇ ಅಯಸ್ಕಾಂತ.

ನಲವತ್ತರ ಹತ್ತಿರ ಬಂದ ಒಬ್ಬ ಭೌತಶಾಸ್ತ್ರದ ಉಪನ್ಯಾಸಕ ಜಪಾನಿನ ಕಾರ್ಟೂನ್ ಸಿನಿಮಾ ಒಂದಕ್ಕೆ ಹೆದರಿ ಬೆವರಿದ ಸಂಗತಿ ಇದು. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನಿಮಗೂ ಕಷ್ಟ, ನನಗೂ ಕಷ್ಟ.

ಕಾರ್ಟೂನ್ ಎಂದು ನಿಮ್ಮೆದುರು ಅಂದೆ. ನಮ್ಮ ಬಳಗದಲ್ಲಿ ಹಾಗೆ ಅಂದರೆ ಉಳಿಗಾಲವಿಲ್ಲ, ಅನಿಮೆ ಅನ್ನಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಗಳಿಂದ ಹನ್ನೊಂದು ಜನ ವಾಟ್ಸಾಪಿನಲ್ಲಿ ಸೇರಿಕೊಂಡ ಬಳಗ ಅದು, ಕಟ್ಟಿದವಳು ರೇವತಿ. ಕೈಯಿಂದ ಒಂದೊಂದೇ ಚಿತ್ರ ಬರೆದು ಮಾಡಿದ ಹಳೆಯ ಸಿನಿಮಾಗಳು ಹೈ ಡೆಫಿನಿಷನ್ ಡಿಸ್ಕಿನಲ್ಲಿ ಯಾವಾಗ ಬರುತ್ತವೆ ಎಂದು ಕಾಯುವುದು ಈ ಬಳಗದ ಮುಖ್ಯ ಕಸುಬು. ಬಣ್ಣ ಸರಿಯಾಗಿ ತಂದಾರೋ ಇಲ್ಲವೋ, ರೀಲಿನ ಮೇಲೆ ಮರಳಿನಂತೆ ಕಾಣುವ ಸಣ್ಣ ಕಾಳು, ಅಂದರೆ ಗ್ರೇನ್, ಉಳಿಸಿದ್ದಾರೋ ಒರೆಸಿಬಿಟ್ಟಿದ್ದಾರೋ ಎಂದು ವಾರಗಟ್ಟಲೆ ಜಗಳ ನಡೆಯುತ್ತದೆ. ಹಂಪಿಯಲ್ಲಿ ಗೈಡ್ ಆಗಿರುವ ಒಬ್ಬ ಸದಸ್ಯ, "ಕಾಳು ಒರಿಸಿದ್ರ ನಮ್ಮ ಕಲ್ಲಿಗೆ ಪಾಲಿಶ್ ಹೊಡದಂಗಾಗ್ತೈತಿ ಸರ" ಎಂದು ಮರುಗುತ್ತಾನೆ. ನಾನೂ ದೊಡ್ಡ ಅಭಿಮಾನಿಯಂತೆ ತಲೆಯಾಡಿಸುತ್ತೇನೆ. ನಿಜ ಹೇಳಬೇಕೆಂದರೆ ನಾನು ಆ ಬಳಗದಲ್ಲಿರುವುದು ಒಂದೇ ಸಿನಿಮಾದ ಮೇಲೆ ಕಣ್ಣಿಡಲು, ಅದು ಬರದೆ ಇರಲಿ ಎಂದು ಬೇಡಿಕೊಳ್ಳಲು. ಎರಡು ಸಲ ಬಿಡುಗಡೆ ಮುಂದಕ್ಕೆ ಹೋದಾಗ ಎಲ್ಲರೂ ಅಳುವ ಮುಖದ ಚಿತ್ರ ಹಾಕಿದರು. ನಾನೂ ಹಾಕಿದೆ, ಹಾಕಿ ಅಡುಗೆಮನೆಗೆ ಹೋಗಿ ಒಂದು ಲೋಟ ಶರಬತ್ತು ಮಾಡಿಕೊಂಡು ಕುಡಿದೆ.

ಸಂಡೂರಿನಲ್ಲಿ ಬೆಳೆದ ನನ್ನಂಥವರಿಗೆ ಅಯಸ್ಕಾಂತದ ಆಟ ಹೇಳಿಕೊಡಬೇಕಾಗಿಲ್ಲ. ಅದಿರಿನ ಲಾರಿಗಳು ಓಡಾಡಿ ಓಡಾಡಿ ಆಗ ರಸ್ತೆ, ಗಿಡ, ಒಣಹಾಕಿದ ಬಟ್ಟೆ ಎಲ್ಲವೂ ಕೆಂಪು. ಅಯಸ್ಕಾಂತಕ್ಕೆ ದಾರ ಕಟ್ಟಿ ಆ ಧೂಳಿನಲ್ಲಿ ಎಳೆದುಕೊಂಡು ಹೋದರೆ ಹತ್ತು ಹೆಜ್ಜೆಯೊಳಗೆ ಅದಕ್ಕೆ ಗಡ್ಡ ಬೆಳೆಯುತ್ತಿತ್ತು. ಯಾರ ಗಡ್ಡ ಉದ್ದವೋ ಅವನು ಓಣಿಯ ರಾಜ. ನಾನು ಎರಡು ವರ್ಷ ರಾಜನಾಗಿದ್ದೆ. ಕಾರಣ, ನನ್ನ ಅಯಸ್ಕಾಂತ ಪೇಟೆಯದಲ್ಲ. ಚಿಕ್ಕಪ್ಪ ತಮ್ಮ ಲಾರಿಯ ಒಡೆದ ಸ್ಪೀಕರಿನಿಂದ ಕಿತ್ತು ಕೊಟ್ಟದ್ದು.

ಚಿಕ್ಕಪ್ಪ ಅದಿರಿನ ಲಾರಿ ಓಡಿಸುತ್ತಿದ್ದರು. ಘಾಟಿಯ ತಿರುವಿನಲ್ಲಿ ಲಾರಿ ಮಗುಚಿ ತೀರಿಕೊಂಡಾಗ ರೇವತಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಚಿಕ್ಕಮ್ಮ ಅವಳನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದರು. ಅಂದಿನಿಂದ ಇಂದಿನವರೆಗೆ ಚಿಕ್ಕಮ್ಮ ಗಂಡನ ಬಗ್ಗೆ ಒಂದು ಮಾತು ಆಡಿದವರಲ್ಲ. ಮನೆಯಲ್ಲಿದ್ದ ಫೋಟೋ ಒಂದೇ, ಅದರಲ್ಲಿಯೂ ಅವರು ಕಪ್ಪು ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ತಿರುಗಿದ್ದಾರೆ.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಅಪ್ಪ ದೊಡ್ಡ ಟಿವಿ ತಂದರು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿ, ಮುಟ್ಟಿದರೆ ಕೈ ಮುರಿಯುತ್ತೇನೆ ಅಂದರು. ಅಪ್ಪ ಅಂದದ್ದನ್ನು ಮಾಡುವ ಮನುಷ್ಯ. ದಸರಾ ರಜೆಯಲ್ಲಿ ಒಂದು ದಿನ ಹಿರಿಯರೆಲ್ಲ ಬಂಡ್ರಿಗೆ ಯಾವುದೋ ಕಾರ್ಯಕ್ಕೆ ಹೋದರು. ಮನೆಯಲ್ಲಿ ನಾನು ಮತ್ತು ಆರು ವರ್ಷದ ರೇವಿ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ಸಂಜೆಯೊಳಗೆ ವಾಪಸು ಕೊಡುವ ಮಾತಿನ ಮೇಲೆ ಒಂದು ಸಿ.ಡಿ. ತಂದಿದ್ದೆ. ಮೇಲೆ ಹೆಸರಿಲ್ಲ, ಒಳಗೆ ಜಪಾನಿ ಭಾಷೆ, ಕೆಳಗೆ ಅಕ್ಷರವೂ ಇಲ್ಲ. ಹಾಕುವ ಮೊದಲು, ಕರೆಂಟು ಬರಲಿ ಎಂದು ಕಾಯುತ್ತ ಕೂತಾಗ ನನಗೊಂದು ಸಂಶೋಧನೆ ಹೊಳೆಯಿತು. ಟಿವಿಯ ಗಾಜು ಅಯಸ್ಕಾಂತವನ್ನು ಎಳೆಯುತ್ತದೋ ಇಲ್ಲವೋ? ಬಲಗಡೆ ಮೇಲಿನ ಮೂಲೆಗೆ ಒತ್ತಿ ಹಿಡಿದು, ತಿಕ್ಕಿ ನೋಡಿದೆ. ಕರೆಂಟು ಬಂತು. ಟಿವಿ ಹಚ್ಚಿದರೆ ಆ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ, ಅಂಚಿಗೆ ಹಸಿರು. ಮನುಷ್ಯನ ಆಕಾರದ ನೆರಳೊಂದು ನಿಂತಂತೆ.

ಹಳೆಯ ಟಿವಿಗಳಿಗೆ ಅಯಸ್ಕಾಂತ ತಾಗಿದರೆ ಹಾಗಾಗುತ್ತದೆ, ಬಣ್ಣ ದಾರಿ ತಪ್ಪುತ್ತದೆ ಎಂದು ಈಗ ಪ್ರತಿವರ್ಷ ಪಾಠ ಮಾಡುತ್ತೇನೆ. ಆವತ್ತು ನನಗೆ ಗೊತ್ತಿದ್ದದ್ದು ಅಪ್ಪನ ಬೆಲ್ಟು ಮಾತ್ರ. ಬಟ್ಟೆಯಿಂದ ಒರೆಸಿದೆ, ಉಗುಳು ಹಚ್ಚಿ ಒರೆಸಿದೆ. ಹೋಗಲಿಲ್ಲ. ಏನೂ ಆಗಿಲ್ಲವೆಂಬಂತೆ ಸಿ.ಡಿ. ಹಾಕಿ ಕೂತೆ. ಒಬ್ಬ ಹುಡುಗಿ ಮುದಿ ಕುದುರೆಯನ್ನು ಹಿಡಿದುಕೊಂಡು ಹಿಮದ ಊರಿನಿಂದ ಸಮುದ್ರದವರೆಗೆ ನಡೆದುಕೊಂಡು ಹೋಗುವ ಕಥೆ. ಅವಳು ಎಲ್ಲಿ ಹೋದರೂ ಬಲಮೂಲೆಯಲ್ಲಿ ನನ್ನ ಕಲೆ.

ರೇವಿ ಕೇಳಿದಳು, "ಅಣ್ಣ, ಅಲ್ಲಿ ಮೂಲ್ಯಾಗ ನಿಂತಾನಲ್ಲ, ಅವ ಯಾರು?"

ಟಿವಿ ಕೆಟ್ಟಿದೆ ಎಂದರೆ ಇವಳು ಸಂಜೆ ಎಲ್ಲರೆದುರು ಹೇಳುತ್ತಾಳೆ. ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ. "ಅವನಾ? ಅವ ಸಿನಿಮಾದಾಗ ಇರಾವ. ಆಕಿ ಅಪ್ಪ. ಸತ್ತಾನ, ಆದ್ರೂ ಆಕಿನ್ನ ನೋಡ್ಕೋತ ಹಿಂದ ಬರ್ತಾನ."

ಕನಿಕರದಿಂದ ಹೇಳಿದೆ ಎಂದು ತಿಳಿಯಬೇಡಿ. ಹೆದರಿಕೆಯಿಂದ ಹೇಳಿದೆ. ಆದರೆ ಆ ಮಗು ಕುಂಡಿ ಎಳೆದುಕೊಂಡು ಟಿವಿಯ ಹತ್ತಿರ ಹೋಗಿ, ಹುಡುಗಿಯನ್ನು ಬಿಟ್ಟು ಮೂಲೆಯನ್ನೇ ನೋಡುತ್ತ ಕೂತಿತು. ಕೊನೆಗೆ ಸಮುದ್ರ ಬಂದಾಗ ಮೂಲೆಯ ಕಡೆಗೆ ಕೈಬೀಸಿತು. ಸಂಜೆ ಸಿ.ಡಿ. ವಾಪಸು ಹೋಯಿತು. ಟಿವಿ ಹಚ್ಚಿದಾಗಲೆಲ್ಲ ಕಲೆ ತಾನಾಗಿಯೇ ಚೂರುಚೂರು ಅಳಿಯುತ್ತ ಬಂತು, ಅಪ್ಪನ ಕಣ್ಣಿಗೆ ಬೀಳಲಿಲ್ಲ. ನಾನು ಬಚಾವಾದೆ ಅಂದುಕೊಂಡೆ.

ಬಚಾವಾಗಿರಲಿಲ್ಲ. ಮರುದಿನದಿಂದ ರೇವಿ ಶುರು ಮಾಡಿದಳು. ನಮ್ಮಪ್ಪನೂ ಹಂಗ ಬರ್ತಾನಾ? ನಮ್ಮಪ್ಪ ಹೆಂಗಿದ್ದ? ಮನೆಯಲ್ಲಿ ಬೇರೆ ಯಾರೂ ಬಾಯಿ ಬಿಡದಿದ್ದರಿಂದ ಹೇಳುವ ಕೆಲಸ ನನಗೇ ಬಿತ್ತು. ನೆನಪಿದ್ದದ್ದನ್ನು ಹೇಳಿದೆ. ಅದು ತೀರಿದ ಮೇಲೂ ಹೇಳಿದೆ. ಕೇಳುವವಳ ಕಣ್ಣು ಅಷ್ಟು ಅಗಲವಾದರೆ ಯಾರಾದರೂ ಹೇಳುತ್ತಾರೆ.

ರೇವಿ ಈಗ ಕಂಪ್ಲಿಯಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾಳೆ. ಹುಟ್ಟುಹಬ್ಬ, ಮದುವೆ, ಅಂಗಡಿಯ ಉದ್ಘಾಟನೆ, ಯಾವ ಫ್ಲೆಕ್ಸೇ ಇರಲಿ, ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ತೆಳು ನೇರಳೆ ನೆರಳು ಇಡುತ್ತಾಳೆ. ಗಿರಾಕಿಗಳು ಅದು ಅಂಗಡಿಯ ಗುರುತು ಎಂದುಕೊಂಡಿದ್ದಾರೆ. ನಾನು ಬಸ್ಸಿನಲ್ಲಿ ಕಂಪ್ಲಿಗೆ ಹೋಗುವಾಗ ಕಂಬ ಕಂಬಕ್ಕೂ ನನ್ನ ಸುಳ್ಳು ತೂಗಾಡುತ್ತಿರುತ್ತದೆ. ಕಿಟಕಿಯ ಕಡೆ ಕೂರುವುದನ್ನೇ ಬಿಟ್ಟಿದ್ದೆ.

ಸಿನಿಮಾದ ಹೆಸರನ್ನು ಅವಳು ವರ್ಷಗಟ್ಟಲೆ ಇಂಟರ್ನೆಟ್ಟಿನಲ್ಲಿ ಹುಡುಕಿ ಪತ್ತೆ ಮಾಡಿದ್ದಳು. ನೋಡಲು ಮಾತ್ರ ಎಲ್ಲಿಯೂ ಸಿಗಲಿಲ್ಲ. ಸಿಕ್ಕ ನಾಲ್ಕೈದು ಬಿಡಿ ಚಿತ್ರಗಳಲ್ಲಿ ಮೂಲೆಯಲ್ಲಿ ಯಾರೂ ಇರಲಿಲ್ಲ. ನಾನು ಸಿಕ್ಕಿಬಿದ್ದೆ ಅಂದುಕೊಂಡೆ. ಆದರೆ ಹಳೆಯ ಪ್ರತಿಗಳಲ್ಲಿ ಅಂಚು ಕತ್ತರಿಸುವುದು ರೂಢಿ ಎಂದು ಓದಿಕೊಂಡಿದ್ದ ಅವಳು ತಾನೇ ಸಮಾಧಾನ ಹೇಳಿಕೊಂಡಳು. "ಅದಕ್ಕ ನೋಡಣ್ಣ, ಪೂರ್ತಿ ಚೌಕಟ್ಟು ಬರಬೇಕು."

ಮೂಲೆ ಕತ್ತರಿಸಿಲ್ಲವೆಂಬ ಆ ದನಿ ಬಂದ ಮಧ್ಯಾಹ್ನವೇ, ಹೇಳಿಬಿಡೋಣ ಎಂದು ಅವಳ ಅಂಗಡಿಗೆ ಹೋದೆ. ಅವಳು ಯಾರದೋ ನಾಮಕರಣದ ಫ್ಲೆಕ್ಸಿಗೆ ನೆರಳು ಹಾಕುತ್ತಿದ್ದಳು.

"ಇಷ್ಟು ವರ್ಷ ಬರೇ ನೆರಳು ಹಾಕೀನಿ," ಅಂದಳು. "ಮುಖ ಸರಿಯಾಗಿ ಕಂಡಿದ್ದಿಲ್ಲ ನೋಡು. ಆ ಡಬ್ಬಾ ಟಿವಿಯಾಗ ಏನ್ ಕಾಣ್ತೈತಿ? ಈ ಸಲ ಮುಖ ಕಾಣ್ತೈತಿ. ನೋಡಿ ಬರೀತೀನಿ."

"ರೇವಿ, ಒಂದು ಮಾತು..."

"ಹೇಳಣ್ಣ. ಕುಂದ್ರು, ಚಾ ತರಸ್ತೀನಿ."

ಚಹಾ ಕುಡಿದೆ. ಡಿಸ್ಕು ನಮ್ಮ ಮನೆಯಲ್ಲೇ ನೋಡೋಣ, ನಮ್ಮ ಟಿವಿ ದೊಡ್ಡದಿದೆ ಅಂದೆ. ಎದ್ದು ಬಂದೆ. ಬಸ್ಸಿನಲ್ಲಿ ಅಂಗೈ ಬೆವತು ಟಿಕೆಟ್ಟು ಮುದ್ದೆಯಾಗಿತ್ತು. ಆ ವಾರ ತರಗತಿಯಲ್ಲಿ ಎರಡು ಸಲ ಪಾಠದ ನಡುವೆ ಮಾತು ಮರೆತು ಹಲಗೆ ನೋಡುತ್ತ ನಿಂತೆ. ಅವಳ ಅಪ್ಪ ಮೊದಲ ಸಲ ಸತ್ತಾಗ ನಾನು ಬರೇ ನೋಡುತ್ತ ನಿಂತ ಹುಡುಗ. ಈ ಸಲ ಅವರನ್ನು ನಾನೇ ಕೈಯಾರೆ ಕಳೆಯುವವನು.

ಭಾನುವಾರ ಬಳಗದವರು ನಾಲ್ಕು ಗಂಟೆಗೆ ಬರುವವರಿದ್ದರು. ರೇವಿ ಡಿಸ್ಕು ಹಿಡಿದುಕೊಂಡು ಎರಡಕ್ಕೇ ಬಂದಳು. "ಮೊದ್ಲು ನಾವಿಬ್ರ ನೋಡೋಣ. ಆವಾಗೂ ನಾವಿಬ್ರ ಅಲ್ಲ," ಅಂದು ಸೋಫಾ ಬಿಟ್ಟು ನೆಲದ ಮೇಲೆ, ಟಿವಿಯ ಬಲಮೂಲೆಯ ಕೆಳಗೆ ಕೂತಳು.

ಚಿತ್ರ ಶುರುವಾಯಿತು. ಎಷ್ಟು ಚೆಂದ ಇತ್ತೆಂದರೆ ಹೆದರಿಕೆಯ ನಡುವೆಯೂ ನನಗದು ಕಂಡಿತು. ಹಿಮದ ಮೇಲೆ ಕುಂಚದ ಗೆರೆ, ಕುದುರೆಯ ರೆಪ್ಪೆಯ ಕೂದಲು, ಹುಡುಗಿಯ ಕೈಯ ಒಡೆದ ಚರ್ಮ. ನಾಲ್ಕೂ ಮೂಲೆ ಪೂರ್ತಿ ಇದ್ದವು. ಬಲಮೂಲೆಯಲ್ಲಿ ಬಿಳಿ ಆಕಾಶ.

"ಇನ್ನೂ ಬಂದಿಲ್ಲ," ಅಂದಳು ರೇವಿ. ಕತ್ತು ಎತ್ತಿ ಮೂಲೆಯನ್ನೇ ನೋಡುತ್ತ, "ಆವಾಗ ಮೊದಲಿಂದನ ಇದ್ದ ಅಲ್ಲೇನು?"

ನಾನು ಚಿತ್ರ ನಿಲ್ಲಿಸಿದೆ. ಫ್ರಿಜ್ಜಿನ ಹತ್ತಿರ ಹೋಗಿ ಅಯಸ್ಕಾಂತ ಕಿತ್ತುಕೊಂಡು ಬಂದೆ. ಗ್ಯಾಸಿನ ಚೀಟಿ ನೆಲಕ್ಕೆ ಬಿತ್ತು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕರೆಂಟು ಹೋದದ್ದು, ತಿಕ್ಕಿದ್ದು, ಬೆಲ್ಟಿನ ಹೆದರಿಕೆ, ಬಾಯಿಗೆ ಬಂದ ಮಾತು.

ಅವಳು ಬೈಯಲಿಲ್ಲ. ಅಯಸ್ಕಾಂತ ಈಸಿಕೊಂಡು, ಎದ್ದು, ಟಿವಿಯ ಬಲಮೂಲೆಗೆ ಹಿಡಿದಳು.

"ಈಗಿನ ಟಿವಿಗೆ ಏನೂ ಆಗಂಗಿಲ್ಲ ರೇವಿ."

ಆದರೂ ಹಿಡಿದುಕೊಂಡೇ ನಿಂತಳು. ಆಕಾಶ ಬೆಳ್ಳಗೇ ಇತ್ತು.

"ಹಂಗಾದ್ರ ಆಕಿ ಒಬ್ಬಾಕಿನ ನಡದಾಳ," ಅಂದಳು. "ಅಷ್ಟು ದೂರ."

ಅವಳು ಮತ್ತೆ ನೆಲಕ್ಕೆ ಕೂತು ಅಯಸ್ಕಾಂತವನ್ನು ಬೆರಳಿಗೆ ಹಾಕಿ ತಿರುಗಿಸಿದಳು.

"ಅಣ್ಣ, ಅಪ್ಪ ಮನಿ ಹತ್ರ ಬಂದಾಗ ಸೀಟಿ ಹೊಡಿತಿದ್ದ ಅಂದಿದ್ದಿ. ಅದು?"

"ಅದು ಖರೆ. ನಾನ ಕೇಳೀನಿ."

"ಇದು?" ಎಂದು ಅಯಸ್ಕಾಂತ ತೋರಿಸಿದಳು.

"ಖರೆ. ನನ್ನ ಮುಂದನ ಸ್ಪೀಕರ್ ಬಿಚ್ಚಿ ಕೊಟ್ರು."

"ನಾನು ಹುಟ್ಟಿದಾಗ ಲಾರಿಗೆ ಬಲೂನ್ ಕಟ್ಟಿಕೊಂಡು ಬಂದಿದ್ದ ಅಂದಿದ್ದಿ."

ಬಾಯಿ ತೆರೆದೆ. ಕೆಂಪು ಧೂಳು ಹಿಡಿದ ಲಾರಿ, ಮುಂದಿನ ಕನ್ನಡಿಗೆ ಹಳದಿ, ನೀಲಿ ಬಲೂನು, ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಕಂಡದ್ದೋ, ಹೇಳಿ ಹೇಳಿ ಕಾಣಿಸಿಕೊಂಡದ್ದೋ? ಹುಡುಕಿದೆ, ಎರಡನ್ನೂ ಬೇರೆ ಮಾಡಲಾಗಲಿಲ್ಲ. ಆಗ ಹಿಡಿದ ಭಯಕ್ಕೆ ಹೋಲಿಸಿದರೆ ಅಪ್ಪನ ಬೆಲ್ಟು ಏನೂ ಅಲ್ಲ.

"ಗೊತ್ತಿಲ್ಲ," ಅಂದೆ.

ನಾಲ್ಕು ಗಂಟೆಗೆ ಬಳಗದವರು ಬಂದರು. ರೇವಿ ಎಲ್ಲರಿಗೂ ಮಂಡಾಳು ಒಗ್ಗರಣೆ, ಮಿರ್ಚಿ ಹಂಚಿದಳು, ಮೊದಲಿನಿಂದ ಮತ್ತೆ ಸಿನಿಮಾ ನೋಡಿದಳು, ಈ ಸಲ ಹುಡುಗಿಯನ್ನು ನೋಡಿದಳು. ಹೋಗುವಾಗ ಅಯಸ್ಕಾಂತವನ್ನು ಚೀಲಕ್ಕೆ ಹಾಕಿಕೊಂಡಳು.

ನಿನ್ನೆ ಕೆಲಸವಿದ್ದು ಕಂಪ್ಲಿಗೆ ಹೋಗಿದ್ದೆ. ಬಹಳ ದಿನಗಳ ಮೇಲೆ ಕಿಟಕಿಯ ಕಡೆ ಕೂತೆ. ಸರ್ಕಲ್ಲಿನಲ್ಲಿ ಅವಳ ಹೊಸ ಫ್ಲೆಕ್ಸ್ ಕಟ್ಟಿದ್ದರು, ಯಾರದೋ ಹುಟ್ಟುಹಬ್ಬದ್ದು. ಬಲಗಡೆ ಮೇಲಿನ ಮೂಲೆ ಖಾಲಿ ಇತ್ತು, ಬರೇ ನೀಲಿ. ಇಷ್ಟು ವರ್ಷ ಯಾವ ನೆರಳಿಗೆ ಹೆದರಿ ಮುಖ ತಿರುಗಿಸುತ್ತಿದ್ದೆನೋ ಅದನ್ನೇ ಕಿಟಕಿಯಿಂದ ಕತ್ತು ಹೊರಹಾಕಿ ಹುಡುಕುತ್ತಿದ್ದೆ. ಇಳಿದು ಅವಳ ಅಂಗಡಿಗೆ ಹೋಗುವ ಧೈರ್ಯವಾಗಲಿಲ್ಲ.

ಮನೆಗೆ ಬರುವಷ್ಟರಲ್ಲಿ ಅವಳ ದನಿ ಬಂದಿತ್ತು. "ಅಣ್ಣ, ಬಲೂನಿಂದು ನೆನಪಾದ್ರ ಹೇಳು. ಖರೇ ಇದ್ರ ಅಷ್ಟ ಹೇಳು."

ಅದನ್ನು ಮೂರು ಸಲ ಕೇಳಿದ್ದೇನೆ. ಫ್ರಿಜ್ಜಿನ ಬಾಗಿಲಿನಲ್ಲಿ ಅಯಸ್ಕಾಂತವಿದ್ದ ಕಡೆ ದುಂಡಗಿನ ಗುರುತು ಉಳಿದಿದೆ, ಗ್ಯಾಸಿನ ಚೀಟಿ ಮೇಜಿನ ಮೇಲಿದೆ. ಉತ್ತರ ಹೇಳಲು ಫೋನು ಕೈಗೆತ್ತಿಕೊಳ್ಳುತ್ತೇನೆ, ಬಲೂನುಗಳು ಮತ್ತೆ ಕಾಣುತ್ತವೆ, ಹೋದ ಸಲಕ್ಕಿಂತ ಇನ್ನೊಂದು ಹೆಚ್ಚಿಗೆ. ಫೋನು ಕೆಳಗಿಡುತ್ತೇನೆ.